ಕಾಮಾಲೆ ರಜೆ

ನಮ್ಮ ಆಫೀಸಿನ ರಜೆ ಚೀಟಿಗಳನ್ನು ನೋಡಿದರೆ ಬೆಂಗಳೂರಿಗೆ ಕಾಮಾಲೆಯ ಮಾರಿ ಬಂದಿದೆ ಅನಿಸುತ್ತದೆ. ಮೂರು ವಾರ ಕಾಣದವರಿಗೆಲ್ಲ ಕಾಮಾಲೆ. ಕುಡಿತ ಬಿಡೋಕೆ ನಿಮ್ಹಾನ್ಸ್‌ಗೆ ಸೇರಿದ್ದೆ ಅಂತ ಬರೆಯುವ ಧೈರ್ಯ ಯಾರಿಗಿದೆ? ಕಾಮಾಲೆ ಅಂದರೆ ಎಳನೀರು ಹಿಡಿದುಕೊಂಡು ನೋಡಲು ಬರುತ್ತಾರೆ. ಕುಡಿತ ಅಂದರೆ ಫೈಲು ಹಿಡಿದುಕೊಂಡು ಬರುತ್ತಾರೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಡ್ರಗ್ಸ್‌ಗೆ ಅಂಟಿಕೊಂಡ ಮಾನಸಿಕ ತೊಂದರೆಯನ್ನೂ ಕಾಯಿಲೆಯ ಲೆಕ್ಕಕ್ಕೇ ಸೇರಿಸಿದೆ. ಎಚ್‌ಆರ್ ಮೇಡಂಗೆ ಇದನ್ನು ಹೇಳಿದೆ. "ಹೌದಾ? ಪೋಸ್ಟರ್ ಮಾಡಿಸೋಣ" ಅಂದರು. ಮಾಡಿಸಿಯೂಬಿಟ್ಟರು. ಕ್ಯಾಂಟೀನ್ ಗೋಡೆಯಲ್ಲಿ ಜಾಗ ಸಿಕ್ಕಿದ್ದು ಶುಕ್ರವಾರದ ಪಾರ್ಟಿ ನೋಟಿಸಿನ ಪಕ್ಕ. ಬಿಯರ್ ಖರ್ಚು ಕಂಪನಿಯದು. ಜಾಗೃತಿ ಕಾರ್ಯಕ್ರಮವೂ ಆಯಿತು. ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಎಂಟು ದಿನ ನಡೆಯುತ್ತದೆ. ನಮ್ಮದು ನಲವತ್ತು ನಿಮಿಷ, ಸಮೋಸ ಸೇರಿ.

ಪಕ್ಕದ ಸೀಟಿನ ಹಿರಿಯರು ಬಾಟಲಿ ಮುಟ್ಟದೆ ನಾಲ್ಕು ತಿಂಗಳು. ಪಾರ್ಟಿಗೆ ಹೋಗದಿದ್ದರೆ ಟೀಮ್ ಸ್ಪಿರಿಟ್ ಇಲ್ಲ ಅಂತಾರೆ. ಅವರು ಕಷ್ಟಪಟ್ಟು ಬಿಟ್ಟಿದ್ದೇ ಆ ಸ್ಪಿರಿಟ್ಟು! ಹೋದರೆ, "ಒಂದೇ ಪೆಗ್ ಸಾರ್, ಏನೂ ಆಗಲ್ಲ." ಸಕ್ಕರೆ ಕಾಯಿಲೆಯವರಿಗೂ ಮೈಸೂರುಪಾಕ್ ತುರುಕುವ ಜನ ನಾವು, ಬಿಡಿ.

ಪಾಪ, ಅವರು ಕೇಳಿದ್ದು ಒಂದೇ. ಗುರುವಾರ ಸಂಜೆ ಐದೂವರೆಗೆ ಬಿಡಿ, ಎಎ ಮೀಟಿಂಗ್ ಇದೆ ಅಂತ.

"ಎಎ? ಯಾವ ಕ್ಲೈಂಟು?" ಅಂದರು ಮ್ಯಾನೇಜರ್.

ಕುಡಿತ ಬಿಟ್ಟವರ ಸಭೆ, ಅಲ್ಲಿ ಯಾರೂ ಪೂರ್ತಿ ಹೆಸರು ಹೇಳಲ್ಲ, ಹೊರಗೆ ಬಾಯಿ ಬಿಡಲ್ಲ ಅಂತ ವಿವರಿಸಿದರು. ಮ್ಯಾನೇಜರ್ ತುಂಬಾ ಮೆಚ್ಚಿಕೊಂಡರು. ಆಮೇಲೆ, "ಸರಿ, ವಾರವಾರ ಹಾಜರಿ ಪತ್ರ ತನ್ನಿ. ಬಂದವರೆಲ್ಲರ ಹೆಸರು, ಸಹಿ ಇರಲಿ" ಅಂದರು.

ನಮ್ಮ ಆಫೀಸೊಂದನ್ನೇ ಯಾಕೆ ಬಯ್ಯೋದು? ಸರ್ಕಾರವೂ ಲಕ್ಷಾಂತರ ಜನಕ್ಕೆ ಸಂಬಳ ಕೊಡುವ ಧಣಿಯೇ ಅಲ್ವಾ? 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟುಕೊಂಡಿತು. ಜೊತೆಗೆ ಮದ್ಯಪಾನ ಸಂಯಮ ಮಂಡಳಿಯನ್ನೂ ಸಾಕುತ್ತಿದೆ. ಆ ಮಂಡಳಿ ಜಾಸ್ತಿ ದುಡಿದರೆ ಯಾವ ಗುರಿ ತಪ್ಪುತ್ತೋ, ಲೆಕ್ಕ ಹಾಕಿಕೊಳ್ಳಿ.

ಕೊನೆಗೆ ನಮ್ಮ ಹಿರಿಯರಿಗೆ ಒಳ್ಳೇ ಕಾಲ ಬಂತು. ವಾರ್ಷಿಕೋತ್ಸವದಲ್ಲಿ ಸ್ಟೇಜಿಗೆ ಕರೆದು ಶಾಲು ಹೊದಿಸಿ, "ಕುಡಿತ ಗೆದ್ದ ವೀರ" ಅಂತ ಸನ್ಮಾನ ಮಾಡುವುದಾಗಿ ಮೇಡಂ ಎಲ್ಲರಿಗೂ ಮೇಲ್ ಕಳಿಸಿದರು. ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಅಲ್ಲಿಯವರೆಗೆ ವಿಷಯ ಗೊತ್ತಿದ್ದದ್ದು ನಾಲ್ಕೇ ಜನಕ್ಕೆ.

ಆ ದಿನ ಅವರು ಬರಲಿಲ್ಲ. ಶಾಲು ಕುರ್ಚಿಯ ಮೇಲೇ ಉಳಿಯಿತು. ರಜೆ ಚೀಟಿ ಮಾತ್ರ ಬಂದಿತ್ತು. ಕಾರಣ: ಕಾಮಾಲೆ.