ನಮ್ಮ ಮನೆಯ ಬಿಸು ಕಣಿ ಮತ್ತು ಬೆಕ್ಕು

ದೇವರ ಕೋಣೆಯಲ್ಲಿ ಮಕ್ಕಳು ಮಾಡುವ ತಂಟೆಯ ಬಗ್ಗೆ ಒಬ್ಬರು ಬರೆದ ಲೇಖನ ಓದಿ ತುಂಬಾ ಖುಷಿಯಾಯಿತು. ಅದರಲ್ಲಿದ್ದ, ನೈವೇದ್ಯಕ್ಕೆ ಮೊದಲೇ ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡ ಹುಡುಗಿಯ ಕಥೆಯಂತೂ ನಮ್ಮ ಮನೆಯದ್ದೇ!

ನಮ್ಮದು ಕಾಸರಗೋಡಿನ ಕುಂಬಳೆ ಹತ್ತಿರ. ಏಪ್ರಿಲ್ ಮಧ್ಯದಲ್ಲಿ ಬರುವ ಬಿಸು ನಮಗೆ ಹೊಸ ವರ್ಷ. ಹಿಂದಿನ ರಾತ್ರಿಯೇ ಅತ್ತೆ ಕಣಿ ಇಡುತ್ತಾರೆ. ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ, ಹಳದಿ ಸೌತೆಕಾಯಿ, ಗೇರುಹಣ್ಣು, ಚಿನ್ನದ ಸರ, ಹಿಂದೆ ಒಂದು ಕನ್ನಡಿ. ಬೆಳಗ್ಗೆ ಎದ್ದವರು ಮೊದಲು ಅದನ್ನೇ ನೋಡಬೇಕು. ಅದಕ್ಕೇ ಮಕ್ಕಳ ಕಣ್ಣು ಮುಚ್ಚಿ ಕರೆದುಕೊಂಡು ಹೋಗುತ್ತೇವೆ. ಕಳೆದ ಬಿಸುವಿಗೆ ನನ್ನ ಚಿಕ್ಕವನು ಅಜ್ಜಿಯ ಬೆರಳ ಸಂದಿಯಿಂದ ಇಣುಕಿ, "ಅಜ್ಜೀ, ಹೊಸಿಲಲ್ಲಿ ಬೆಕ್ಕು ಮಲಗಿದೆ, ತುಳಿಯಬೇಡಿ" ಅಂದ. ಅತ್ತೆ ಒಂದು ಕ್ಷಣ ಸುಮ್ಮನೆ ನಿಂತರು. ಆಮೇಲೆ ನಗು ತಡೆಯಲಾಗದೆ ಅಲ್ಲೇ ಕೂತುಬಿಟ್ಟರು. "ಈ ವರ್ಷ ಇವನಿಗೆ ಬೆಕ್ಕೇ ಕಣಿ" ಎಂದು ಬೆಕ್ಕಿನ ಹಣೆಗೂ ಕುಂಕುಮ ಹಚ್ಚಿದರು!

ಮಡಿ, ನಿಯಮ ಎಲ್ಲ ಇರಲಿ. ಆದರೆ ಮಕ್ಕಳನ್ನು ಗದರಿಸಿ ಹೊರಗೆ ಕಳಿಸಬಾರದು, ಅಲ್ವಾ? ಅವರ ಭಕ್ತಿ ನಮಗಿಂತ ಜಾಸ್ತಿ ಅಂತ ನನಗೆ ಎಷ್ಟೋ ಸಲ ಅನಿಸಿದೆ. ನಮ್ಮ ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯ, ನೈವೇದ್ಯದ ಅನ್ನ ತಿನ್ನುತ್ತಿತ್ತಲ್ಲ, ಅದು 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ನನ್ನ ಮಗಳು ತುಂಬಾ ಅತ್ತಿದ್ದಳು. ಅವತ್ತು ಸಂಜೆ ನಾನು ದೀಪ ಹಚ್ಚುವಾಗ, ತನ್ನ ಬಟ್ಟಲಿನಿಂದ ಒಂದು ಉಂಡೆ ಅನ್ನ ತಂದು ದೇವರ ಮುಂದೆ ಇಟ್ಟಳು. ಬೆಲ್ಲವನ್ನೂ ಕಲಸಿದ್ದಳು.