ಕಾರಿಡಾರ್‌ಗಳ ಮಾತೂ ಬರಬೇಕಿತ್ತು
ಹುಲಿಗಳ ಸಂಖ್ಯೆ 2006ರ 1,411ರಿಂದ 2022ರಲ್ಲಿ ಅಂದಾಜು 3,682ಕ್ಕೆ ಏರಿರುವುದನ್ನು ಪತ್ರಿಕೆಯಲ್ಲಿ ಹುಲಿ ಸಂರಕ್ಷಣೆಯ ಕುರಿತು ಪ್ರಕಟವಾದ ಲೇಖನವು ದೇಶದ ಹುಲಿ ಯೋಜನೆಯ ಗೆಲುವೆಂದು ಬಣ್ಣಿಸಿದೆ. ಅದನ್ನು ನಾನೂ ಸಂತೋಷದಿಂದ ಒಪ್ಪುತ್ತೇನೆ. 1973ರಲ್ಲಿ ಬಂಡೀಪುರವೂ ಸೇರಿದಂತೆ ಒಂಬತ್ತು ಮೀಸಲು ಪ್ರದೇಶಗಳಿಂದ ಆರಂಭವಾದ ಈ ಕೆಲಸವು, ಕಳ್ಳಬೇಟೆಯಿಂದಾಗಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂಬ ಸಂಗತಿ 2005ರಲ್ಲಿ ಬಯಲಾದ ಮೇಲೆಯೇ ನಿಜವಾಗಿ ಬಿಗಿಯಾಯಿತು: ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಚನೆಯಾಯಿತು, ಹೆಜ್ಜೆಗುರುತಿನ ಎಣಿಕೆಯ ಜಾಗಕ್ಕೆ, ಪ್ರಾಣಿ ಹಾದುಹೋದಾಗ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳು ಬಂದವು.

ಆದರೆ ಕಾಡುಗಳನ್ನು ಬೆಸೆಯುವ ಕಾರಿಡಾರ್‌ಗಳ ಪ್ರಸ್ತಾಪವೇ ಇಲ್ಲದಿರುವುದು ಲೇಖನದ ದೊಡ್ಡ ಕೊರತೆ. ಎರಡು ವರ್ಷದ ಆಸುಪಾಸಿನಲ್ಲಿ ತಾಯಿಯಿಂದ ಬೇರ್ಪಡುವ ಹುಲಿ ತನ್ನದೇ ನೆಲೆಯನ್ನು ಅರಸಿ ಹೊರಡಲೇಬೇಕು. ಬಂಡೀಪುರ, ನಾಗರಹೊಳೆ, ಮುದುಮಲೈ, ವಯನಾಡಿನ ಕಾಡುಗಳು ಒಂದಕ್ಕೊಂದು ತಾಗಿಕೊಂಡಿರುವುದು ಅಲ್ಲಿ ಹುಲಿಗಳು ಸಮೃದ್ಧವಾಗಿರಲು ಮುಖ್ಯ ಕಾರಣಗಳಲ್ಲೊಂದು. ಈ ದಾರಿಗಳು ರಸ್ತೆ, ರೆಸಾರ್ಟುಗಳಿಂದ ತುಂಡಾದರೆ ಹುಲಿ ಊರಿನತ್ತ ಬರುತ್ತದೆ, ಹಸು ಸಾಯುತ್ತದೆ, ಪರಿಹಾರ ತಡವಾದಾಗ ಸಿಟ್ಟಿನಿಂದ ಕಳೇಬರಕ್ಕೆ ವಿಷ ಹಾಕುವವರೂ ಇದ್ದಾರೆ. ಆದ್ದರಿಂದ ಪರಿಹಾರದ ಹಣ ತಕ್ಷಣ ರೈತರ ಕೈಸೇರುವುದೂ ಸಂರಕ್ಷಣೆಯ ಕೆಲಸವೇ. ಅಂತೆಯೇ, ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ಜಾರಿಗೆ ಬಂದ ರಾತ್ರಿ ಸಂಚಾರ ನಿಷೇಧವನ್ನು ಯಾವ ಒತ್ತಡಕ್ಕೂ ಮಣಿದು ಸಡಿಲಿಸಬಾರದು.