ಕಳುಹಿಸಿದ್ದೇನೆ ಎಂಬ ಒಂದು ಸಾಲು

ಅಮೆರಿಕದ ಪೇಟೆಂಟ್ ಕಾನೂನಿನ 302ನೆಯ ಕಲಮು ಬಹಳ ಉದಾರವಾದದ್ದು. ಒಮ್ಮೆ ಕೊಟ್ಟ ಪೇಟೆಂಟನ್ನು ಹಳೆಯ ಪೇಟೆಂಟುಗಳ ಹಾಗೂ ಮುದ್ರಿತ ಬರಹಗಳ ಆಧಾರದ ಮೇಲೆ ಮರುಪರಿಶೀಲಿಸಿ ಎಂದು ಯಾರು ಬೇಕಾದರೂ ಕೇಳಬಹುದು. ಕೇಳಿದವರು ಪೇಟೆಂಟಿನ ಒಡೆಯರಲ್ಲದಿದ್ದರೆ ಅರ್ಜಿಯ ಪ್ರತಿಯನ್ನು ಪೇಟೆಂಟ್ ಕಚೇರಿಯ ನಿರ್ದೇಶಕರೇ ತಡಮಾಡದೆ ಒಡೆಯರಿಗೆ ಕಳುಹಿಸುತ್ತಾರೆ ಎಂದೂ ಅದು ಮಾತು ಕೊಡುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ವರ್ಜೀನಿಯಾದ ಅಲೆಕ್ಸಾಂಡ್ರಿಯಾವನ್ನು ಮುಟ್ಟಿರಲಿಕ್ಕಿಲ್ಲ, ಆದರೆ ಪೂಜಾರಿ ಮುಟ್ಟಿದ್ದಾನೆ. ಅಲ್ಲಿನ ಪೇಟೆಂಟ್ ಕಚೇರಿಯ ನಿಯಮಾವಳಿಯಂತೆ ಅರ್ಜಿದಾರನೂ ಅದೇ ಪ್ರತಿಯನ್ನು, ಲಗತ್ತುಗಳ ಸಮೇತ ಒಂದು ಹಾಳೆಯೂ ಕಡಿಮೆಯಾಗದಂತೆ, ಒಡೆಯನಿಗೆ ಜಾರಿ ಮಾಡಿ, ಹಾಗೆ ಮಾಡಿದ್ದೇನೆಂದು ದೃಢೀಕರಿಸಬೇಕು.

ಈ ಜಾರಿಯ ಪುರಾವೆ ಎಂಥದ್ದೆಂಬುದರಲ್ಲಿಯೇ ಇಡೀ ಸೊಗಸಿರುವುದು. ಪಡೆದವರ ಸ್ವೀಕೃತಿ ಇದ್ದರೆ ಸರಿ. ಇಲ್ಲದಿದ್ದರೆ ಇಂಥ ದಿನ, ಇಂಥ ವಿಧಾನದಲ್ಲಿ ಕಳುಹಿಸಿದ್ದೇನೆ ಎಂದು ವಕೀಲರು ತಾವೇ ಬರೆದು, ತಾವೇ ಸಹಿ ಹಾಕಿದರೂ ನಡೆಯುತ್ತದೆ. ಸಾಧಾರಣ ಅಂಚೆಗೆ ಹಾಕಿದ ಕಟ್ಟು ದಾರಿಯಲ್ಲೇ ಮಾಯವಾದರೂ ಸಹಿ ಇರುವ ತನಕ ಜಾರಿ ಜಾರಿಯೇ. ಒಡೆಯನ ಮನೆಗೇ ಹೋಗಿ ಕಟ್ಟನ್ನು ಕೈಗಿತ್ತು, ಕಾಫಿ ಕುಡಿದು ಬಂದವನು ಆ ಒಂದು ಸಾಲನ್ನು ಬರೆಯಲು ಮರೆತರೆ ಮಾತ್ರ ಅವನ ಅರ್ಜಿ ದೋಷಪೂರ್ಣವಾಗುತ್ತದೆ. ಪಡೆಯಬೇಕಾದವನಿಗೆ ವ್ಯವಹಾರದ ಸ್ಥಳವೆಂಬುದಿಲ್ಲದಿದ್ದರೆ, ಅವನ ಮನೆಯಲ್ಲೇ ವಾಸಿಸುವ, ತಕ್ಕ ವಯಸ್ಸು, ತಕ್ಕ ವಿವೇಕ ಇರುವವರ ಕೈಗೆ ಕೊಡಬಹುದೆಂದು ನಿಯಮ ಹೇಳುತ್ತದೆ. ಬಾಗಿಲು ತೆರೆದವರ ವಿವೇಕವನ್ನು ಹೊಸ್ತಿಲಲ್ಲಿ ನಿಂತು ಅಳೆಯುವ ಬಗೆಯನ್ನು ಅದು ಹೇಳುವುದಿಲ್ಲ.

ಇನ್ನು ವಿಳಾಸದ ಮಾತು. ಪೇಟೆಂಟಿನ ಆಯುಷ್ಯ ಸಾಮಾನ್ಯವಾಗಿ ಅರ್ಜಿ ಹಾಕಿದಂದಿನಿಂದ 20 ವರ್ಷ. ಅದು ಮುಗಿದ ಮೇಲೂ 6 ವರ್ಷ ಮರುಪರಿಶೀಲನೆಗೆ ಅವಕಾಶವಿದೆ. ಒಡೆಯ ನಿಮ್ಮ ಮೇಲೆ ಈ ತಿಂಗಳೇ ದಾವೆ ಹೂಡಿ, ತನ್ನ ಈಗಿನ ವಕೀಲರ ವಿಳಾಸವನ್ನು ದಾವೆಯಲ್ಲಿ ಕಾಣಿಸಿರಬಹುದು. ಆದರೂ ಪ್ರತಿ ಹೋಗಬೇಕಾದದ್ದು ಪೇಟೆಂಟಿನ ಕಡತದಲ್ಲಿ ದಾಖಲಾಗಿರುವ ಪತ್ರವ್ಯವಹಾರದ ವಿಳಾಸಕ್ಕೆ, ಅಂದರೆ ಹೆಚ್ಚಾಗಿ ಯಾವ ಕಾಲದಲ್ಲೋ ಅರ್ಜಿ ಬರೆದುಕೊಟ್ಟ ವಕೀಲರಿಗೆ. ಅವರಿಗೆ ಆ ಕಕ್ಷಿದಾರನ ಹೆಸರು ನೆನಪಿದ್ದರೆ ಅದು ಕಕ್ಷಿದಾರನ ಪುಣ್ಯ.

ದೋಷ ಕಂಡರೆ ಕಚೇರಿ ಸೂಚನಾಪತ್ರ ಕಳುಹಿಸಿ, ತಿದ್ದಿಕೊಳ್ಳಲು 30 ದಿನ ಕೊಡುತ್ತದೆ. ಎಲ್ಲ ಅಗತ್ಯಗಳೂ ಪೂರೈಸಿದ ದಿನವೇ ಅರ್ಜಿ ಸಲ್ಲಿಕೆಯಾದ ದಿನ. ಮರುಪರಿಶೀಲನೆಗೆ ಕಾರಣವಿದೆಯೇ ಎಂಬುದನ್ನು ಕಾನೂನಿನಂತೆ 3 ತಿಂಗಳೊಳಗೆ ತೀರ್ಮಾನಿಸಬೇಕು, ಮುಂದಿನದೆಲ್ಲವನ್ನೂ ವಿಶೇಷ ತ್ವರೆಯಿಂದ ನಡೆಸಬೇಕು. ಆ ತಿಂಗಳುಗಳ ಎಣಿಕೆ ಮೊದಲಾಗುವುದೂ ಅದೇ ದಿನದಿಂದ. ಓಟಗಾರ ಬೂಟಿನ ದಾರವನ್ನು ನಿಯಮಬದ್ಧವಾಗಿ ಕಟ್ಟುವ ತನಕ ಗಡಿಯಾರ ನಿಂತೇ ಇರುವುದರಿಂದ, ತ್ವರೆಗೆ ಎಂದೂ ಭಂಗ ಬರುವುದಿಲ್ಲ.

ಇಷ್ಟಾದ ಮೇಲೂ ಒಡೆಯನಿಗೆ ಸುದ್ದಿ ಮುಟ್ಟದೆ, ಕಚೇರಿ ತಾನೇ ಕಳುಹಿಸಿದ ಅಂಚೆಯೂ ಹಿಂದಿರುಗಿ ಬಂದರೆ? ಅದಕ್ಕೂ ಏರ್ಪಾಡಿದೆ. ಮಂಗಳವಾರ ಮಂಗಳವಾರ ಹೊರಡುವ ಕಚೇರಿಯ ಗೆಜೆಟ್ಟಿನಲ್ಲಿ ಮರುಪರಿಶೀಲನೆಯ ಸುದ್ದಿ ಪ್ರಕಟವಾದರೆ, ಒಡೆಯನಿಗೆ ವಿಷಯ ತಿಳಿದಿದೆಯೆಂದೇ ಭಾವಿಸಿ ಕಚೇರಿ ಮುಂದುವರಿಯುತ್ತದೆ. ಆ ಗೆಜೆಟ್ಟನ್ನು ಅವನು ಓದಿದನೆಂಬುದಕ್ಕೆ ಮಾತ್ರ ಯಾರೂ ಪುರಾವೆ ಕೇಳುವುದಿಲ್ಲ.